ಖೊಟ್ಟಿ ತಾಮ್ರಪಟದಿಂದ ಖೊಟ್ಟಿ ಉತಾರದವರೆಗೆ

ಬಾದಾಮಿಯ ಬಂಡೆಯ ಮೇಲೊಂದು ಶಾಸನ ಉಂಟು. ಒಂದನೆಯ ಪುಲಕೇಶಿ ಶಕ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ಇಲ್ಲಿ ಕೋಟೆ ಕಟ್ಟಿಸಿದ ಎನ್ನುತ್ತದೆ ಅದು. ಇದೇ ಅರಸನ ಹೆಸರಿನ ಇನ್ನೊಂದು ದಾಖಲೆ ಕೊಲ್ಹಾಪುರ ಸೀಮೆಯ ಆಳ್ತೆಯ ತಾಮ್ರಪಟ. ಅದರ ಕಾಲ ಶಕ 411. ಕೋಟೆಗಿಂತ 54 ವರ್ಷ ಮೊದಲೇ ಅರಸ ದಾನ ಕೊಟ್ಟನಂತೆ! ಮುಂಬಯಿ ಇಲಾಖೆಯ ಅಧಿಕಾರಿಯೂ ಶಾಸನತಜ್ಞರೂ ಆಗಿದ್ದ ಜೆ.ಎಫ್. ಫ್ಲೀಟ್ ಅದನ್ನು ಖೊಟ್ಟಿ ಎಂದರು. ಭೂಮಿ ಇದ್ದಲ್ಲಿ ಖೊಟ್ಟಿ ದಾಖಲೆಯೂ ಇದೆ. ಇದು ಇವತ್ತಿನ ರೋಗವಲ್ಲ.

ಶಿಕ್ಷೆಯ ಮಾತೂ ಹೊಸದಲ್ಲ. ರಾಜಶಾಸನವನ್ನು ಹೆಚ್ಚುಕಡಿಮೆ ಮಾಡಿ ಬರೆದವನಿಗೆ ಅತಿ ದೊಡ್ಡ ದಂಡ ಎಂದಿತು ಯಾಜ್ಞವಲ್ಕ್ಯ ಸ್ಮೃತಿ. ಖೊಟ್ಟಿ ಶಾಸನ ಮಾಡಿದವನನ್ನು ಕೊಲ್ಲಬೇಕೆಂದಿತು ಮನುಸ್ಮೃತಿ. ಆದರೆ ಅದೇ ಮನು, ಬ್ರಾಹ್ಮಣ ಏನೇ ಪಾಪ ಮಾಡಿದರೂ ಕೊಲ್ಲಬಾರದು, ಅವನ ಸೊತ್ತಿನ ಸಮೇತ ನಾಡಿನಾಚೆ ಕಳಿಸಬೇಕು ಎಂದ. ಅಕ್ಷರ ಯಾರ ಕೈಯಲ್ಲಿತ್ತೋ ಕ್ಷಮೆಯೂ ಅವರಿಗೇ ಇತ್ತು.

ಬ್ರಿಟಿಷರ ಕಾಲಕ್ಕೆ ಬಾದಾಮಿ ಮುಂಬಯಿ ಇಲಾಖೆಗೆ ಸೇರಿತ್ತು. ಕುಲಕರ್ಣಿ ಬರೆಯುವವ, ಗೌಡ ಕಾರಭಾರ ನಡೆಸುವವ. ಸರಕಾರಿ ಟಪಾಲು, ದಫ್ತರ ಹೊತ್ತು ಊರೂರು ತಿರುಗುವವ ಕೇರಿಯ ಆಳು. ಹೊತ್ತವನಿಗೆ ಅದರಾಗ ಏನು ಬರದೈತಿ ಅನ್ನೋದು ಗೊತ್ತಿರಲಿಲ್ಲ. 1874ರ ವತನ ಕಾಯಿದೆ ಈ ವಂಶಪಾರಂಪರ್ಯವನ್ನು ಕಾಯಿದೆಯಾಗಿಸಿತು. 1928ರಲ್ಲಿ ಅಂಬೇಡ್ಕರರು ಅದಕ್ಕೆ ತಿದ್ದುಪಡಿ ತರಲು ಮುಂಬಯಿ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ನಮ್ಮಲ್ಲಿ ಈ ಹುದ್ದೆಗಳು ರದ್ದಾದದ್ದು 1963ರ ಫೆಬ್ರುವರಿ 1ರಂದು. ರದ್ದಾದ ಮೇಲೆ ಆ ಭೂಮಿಯ ಮರುಮಂಜೂರಿ. ಯಾರಿಗೆ? ಹಳೆಯ ದಾಖಲೆಯಲ್ಲಿ ಹೆಸರಿದ್ದವರಿಗೆ. ಮತ್ತೆ ಅದೇ ಕಾಗದ! 1978ರಲ್ಲಿ ದಲಿತರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ ಕಾಯಿದೆ ಬಂತು. ಅಲ್ಲೂ ಭೂಮಿ ಮಂಜೂರಾದದ್ದೇ ಎಂದು ತೋರಿಸಬೇಕಾದದ್ದು ಕಾಗದದಿಂದಲೇ.

ಹಾಗಾದರೆ ಸುಳ್ಳು ಬರೆದವನಿಗೆ ಏನು? 1860ರ ದಂಡಸಂಹಿತೆ ಸ್ಪಷ್ಟವಾಗಿಯೇ ಹೇಳಿತ್ತು. ಇನ್ನೊಬ್ಬನಿಗೆ ಹಾನಿ ಮಾಡಲೆಂದೇ ಸರಕಾರಿ ನೌಕರ ತಪ್ಪು ದಾಖಲೆ ತಯಾರಿಸಿದರೆ 167ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆ. ಸರಕಾರಿ ರಿಜಿಸ್ಟರನ್ನೇ ಖೊಟ್ಟಿ ಮಾಡಿದರೆ 466ರಂತೆ ಏಳು ವರ್ಷದವರೆಗೆ. 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲಿ ಇವು 201 ಮತ್ತು 337. ಅಂಕಿ ಬದಲಾದವು, ಅಪರಾಧ ಅದೇ.

ಆದರೂ ತಪ್ಪಿಸಿಕೊಳ್ಳಲು ಒಂದು ಬಾಗಿಲಿತ್ತು. ನೌಕರಿಯ ಕೆಲಸದಲ್ಲಿ ಮಾಡಿದ್ದಕ್ಕೆ ಮೊಕದ್ದಮೆ ನಡೆಸಲು ಸರಕಾರದ ಅನುಮತಿ ಬೇಕು. "ಸಾಹೇಬ್ರ ಪರವಾನಗಿ ಬರಲಿಲ್ರೀ" ಅಂದರೆ ಕೇಸು ಅಲ್ಲಿಗೇ ನಿಂತಿತು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನಮ್ಮ ರಾಜ್ಯದ ಗ್ರಾಮ ಲೆಕ್ಕಿಗರೊಬ್ಬರ ಪ್ರಕರಣದಲ್ಲಿ ಈ ನೆಪವನ್ನು ಒಪ್ಪಲಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷಗಳನ್ನು ಖೊಟ್ಟಿಯಾಗಿ ಮಾಡಿದರೆಂಬುದು ಅಲ್ಲಿಯ ಆರೋಪ. ಅನುಮತಿ ಇಲ್ಲವೆಂದು ಹೈಕೋರ್ಟು ಕೇಸು ರದ್ದು ಮಾಡಿತ್ತು. ಖೊಟ್ಟಿ ದಾಖಲೆ ಸೃಷ್ಟಿಸುವುದು ಯಾವ ನೌಕರನ ಕರ್ತವ್ಯವೂ ಅಲ್ಲ, ಅದಕ್ಕೆ ಅನುಮತಿಯ ರಕ್ಷಣೆ ಸಿಗದು ಎಂದು ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು.

ದಲಿತರಿಗೆ ಇನ್ನೂ ಹತ್ತಿರದ ಆಯುಧವೊಂದಿದೆ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಭೂಮಿಯ ದಾಖಲೆ ಖೊಟ್ಟಿ ಮಾಡಿ ಅದನ್ನು ಕಬ್ಜಾ ಮಾಡುವುದೂ ದೌರ್ಜನ್ಯವೇ. ಹೊಡೆತ, ಬೈಗುಳ ಕಣ್ಣಿಗೆ ಕಾಣುತ್ತವೆ, ಕಿವಿಗೆ ಕೇಳುತ್ತವೆ. ಲೇಖಣಿಯ ಹೊಡೆತ ಮೂವತ್ತು ವರ್ಷದ ಮೇಲೆ, ಮಗ ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ಕಾಣುತ್ತದೆ.

ಆದ್ದರಿಂದ ಹಳ್ಳಿಯ ಮಾಸ್ತರರಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ಕೇಳುವುದಿಷ್ಟೆ. ಬನಶಂಕರಿ ಜಾತ್ರೆಗೆ ಊರಿಗೆ ಬಂದಾಗ ನಿಮ್ಮ ಕೇರಿಯ ಹೊಲಗಳ ಉತಾರ ತೆಗೆಸಿರಿ. ಹೆಸರು ಬದಲಾಗಿದ್ದರೆ ಯಾವ ವರ್ದಿಯಿಂದ, ಯಾವ ತಾರೀಖಿಗೆ, ಯಾರ ಸಹಿಯಿಂದ ಎಂದು ನೋಡಿರಿ. ತಾಲೂಕು ಕಚೇರಿಯವರು ತೋರಿಸದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಅರ್ಜಿ ಹಾಕಿರಿ. ಅದನ್ನು ಕೇರಿಯ ಕಟ್ಟೆಯ ಮೇಲೆ ಕೂತು, ಓದು ಬಾರದ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿರಿ. ಹೊಲ ಯಾರು ಉಳುತ್ತಿದ್ದರು ಎಂಬುದು ಅವರಿಗೆ ಗೊತ್ತಿದೆ.