ಒಂದು ಲೋಟ, ಎರಡು ಪರವಾನಗಿ

1777ರಲ್ಲಿ ಪ್ರಷ್ಯಾದ ದೊರೆ ಎರಡನೇ ಫ್ರೆಡ್ರಿಕ್, ಕಾಫಿ ಬಿಟ್ಟು ಬಿಯರ್ ಕುಡಿಯಿರಿ ಎಂದು ತನ್ನ ಪ್ರಜೆಗಳಿಗೆ ಸಾರಿದ. ಬಾರ್ಲಿ ಅವನ ನೆಲದ ಬೆಳೆ. ಕಾಫಿ ಪರದೇಶದ್ದು, ಅದಕ್ಕಾಗಿ ದೇಶದ ಹಣ ಹೊರಗೆ ಹರಿಯುತ್ತಿತ್ತು. ಜನ ಮಾತಿಗೆ ಬಗ್ಗಲಿಲ್ಲ. 1781ರಲ್ಲಿ ಕಾಫಿ ಹುರಿಯುವ ಹಕ್ಕನ್ನೇ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಕದ್ದು ಹುರಿಯುವವರನ್ನು ಹಿಡಿಯಲು ಮಾಜಿ ಸೈನಿಕರು ಬೀದಿ ಬೀದಿ ಮೂಸುತ್ತ ತಿರುಗಿದರು. ಕಾಫಿ, ಬಿಯರ್ ಎರಡೂ ನಮಗೆ ರುಚಿಯ ಸಂಗತಿ. ಆಳುವವರಿಗೆ ಅವು ಯಾವತ್ತೂ ಲೆಕ್ಕದ ಸಂಗತಿ.

ಕಳೆದ ತಿಂಗಳು ಹೈದರಾಬಾದಿನ ಗಚ್ಚಿಬೌಲಿಯ ಒಂದು ಮೈಕ್ರೋಬ್ರೂವರಿಯಲ್ಲಿ ಕಾಫಿ ಬೆರೆಸಿದ ಸ್ಟೌಟ್ ಕುಡಿಯುವಾಗ ಈ ದೊರೆ ನೆನಪಾದ. ಕಪ್ಪು ಬಣ್ಣ, ಮೇಲೆ ತೆಳು ಕಂದು ನೊರೆ. ಮೊದಲು ಹುರಿದ ಘಮ, ನಡುವೆ ತುಸು ಸೀದ ಬೆಲ್ಲದ ಸಿಹಿ, ಕೊನೆಗೆ ಸಕ್ಕರೆ ಹಾಕದ ಡಿಕಾಕ್ಷನ್ನಿನ ಕಹಿ. ಜೊತೆಗಿದ್ದ ಕಲಬುರಗಿಯ ಗೆಳೆಯ, "ಇದರಾಗ ಕಾಫಿ ಎಲ್ಲಿ ಮುಗೀತು, ಬಿಯರ್ ಎಲ್ಲಿ ಶುರು ಆತು, ತಿಳೀವಲ್ದು ನೋಡೋ" ಅಂದ. ಕರಿಹಲಗೆಯ ಮೇಲೆ ಬಿಯರಿನ ಹೆಸರಿನ ಕೆಳಗೆ ಕಾಫಿಯ ಊರೂ ತೋಟದ ಹೆಸರೂ ಇದ್ದವು. ಊರು ಚಿಕ್ಕಮಗಳೂರು. ಕೊಪ್ಪದ ಕಡೆಯವನಾದ ನಾನು ಲೋಟಕ್ಕಿಂತ ಹೆಚ್ಚು ಹೊತ್ತು ಆ ಹಲಗೆಯನ್ನೇ ನೋಡಿದೆ.

ಗೆಳೆಯನ ಗೊಂದಲಕ್ಕೆ ಕಾರಣವಿದೆ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಮಾಲ್ಟನ್ನು ಕಪ್ಪಾಗುವಷ್ಟು ಹುರಿಯುವ ಡ್ರಮ್ಮಿಗೆ ಪೇಟೆಂಟ್ ಪಡೆದ. ಅದು ಕಾಫಿ ಹುರಿಯುವ ಸಿಲಿಂಡರಿನಂಥದ್ದೇ ಯಂತ್ರ. ಪೋರ್ಟರ್, ಸ್ಟೌಟುಗಳ ಕಪ್ಪು ಬಣ್ಣವೂ ಸುಟ್ಟ ರುಚಿಯೂ ಹೀಗೆ ಹುರಿದ ಕಾಳಿನಿಂದ ಬಂದವು. ಕಾಫಿಯ ಹನಿ ಸೋಕದ ಸ್ಟೌಟೂ ಕಾಫಿಯಂತೆ ಘಮಿಸುವುದು ಇದರಿಂದಲೇ. ಈಗಿನ ಬ್ರೂವರ್‌ಗಳು ಸಾಮಾನ್ಯವಾಗಿ ಬಿಯರ್ ಹುದುಗಿದ ಮೇಲೆ, ತಣ್ಣೀರಿನಲ್ಲಿ ನೆನೆಸಿ ತೆಗೆದ ಕಾಫಿಯನ್ನು ಅದಕ್ಕೆ ಸೇರಿಸುತ್ತಾರೆ. ತಂತ್ರ ಇಷ್ಟೇ. ಆದರೂ ಚಿಕ್ಕಮಗಳೂರಿನ ಒಂದು ತೋಟ ತನ್ನ ಹೆಸರಿನೊಂದಿಗೆ ಹೈದರಾಬಾದಿನ ಲೋಟಕ್ಕಿಳಿಯಲು ಎರಡು ಬೀಗ ತೆರೆಯಬೇಕಾಯಿತು.

ಮೊದಲನೆಯದು ಕಾಫಿಯ ಬೀಗ. ಬಾಬಾಬುಡನ್ ಮೋಖಾದಿಂದ ಏಳು ಬೀಜ ತಂದ ಕಥೆ ನಮಗೆಲ್ಲ ಬಾಯಿಪಾಠ. ಅದರಷ್ಟು ಪ್ರಸಿದ್ಧವಲ್ಲದ ಇಸವಿ 1942. ಎರಡನೇ ಮಹಾಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿ ಬೆಳೆಗಾರ ಕಂಗಾಲಾಗಿದ್ದಾಗ ಕಾಫಿ ಕಾಯ್ದೆ ಬಂತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕು. ಮನೆಬಳಕೆಗೆ, ಬಿತ್ತನೆಗೆ ಸ್ವಲ್ಪ ಇಟ್ಟುಕೊಳ್ಳಬಹುದು. ಬೋರ್ಡ್ ಅದನ್ನು ಹರಾಜು ಹಾಕಿ, ದರ್ಜೆಗೆ ತಕ್ಕ ಹಣವನ್ನು ಕಂತುಗಳಲ್ಲಿ ಕೊಡುತ್ತಿತ್ತು. ಸಣ್ಣ ಬೆಳೆಗಾರನಿಗೆ ಅದು ಆಸರೆಯೂ ಆಗಿತ್ತು, ಕೊಳ್ಳುವವರು ಯಾರೆಂದು ಅವನು ಹುಡುಕಬೇಕಿರಲಿಲ್ಲ. ಆದರೆ ಪೂಲಿಗೆ ಬಿದ್ದ ಕಾಫಿಗೆ ದರ್ಜೆ ಇತ್ತು, ತೋಟವಿರಲಿಲ್ಲ. ಹತ್ತಾರು ಊರುಗಳ ಕಾಫಿ ಒಂದೇ ಆಯಿತು. 1992ರಲ್ಲಿ ಬೆಳೆಯ ಶೇ. 30ರಷ್ಟನ್ನು ದೇಶದೊಳಗೆ ಮಾರುವ ಸ್ವಾತಂತ್ರ್ಯ ಸಿಕ್ಕಿತು. 1996ರಲ್ಲಿ ಎಲ್ಲ ಬೆಳೆಗಾರರೂ ಪೂರ್ತಿ ಬಿಡುಗಡೆಯಾದರು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಬಾಗಿಲು ತೆರೆಯಿತು.

ಎರಡನೆಯದು ಬಿಯರಿನ ಬೀಗ. ದಕ್ಷಿಣದಲ್ಲಿ ಬಿಯರ್ ಬೇರೂರಿದ್ದು ದಂಡಿನ ಪ್ರದೇಶಗಳಲ್ಲಿ, ಬ್ರಿಟಿಷ್ ಸೈನಿಕರ ಬಾಯಾರಿಕೆಗಾಗಿ. ಬೆಂಗಳೂರಿಗೆ ತನ್ನ ಕಂಟೋನ್ಮೆಂಟ್ ಇದ್ದಂತೆ ಹೈದರಾಬಾದಿನ ಪಕ್ಕದಲ್ಲಿ ಸಿಕಂದರಾಬಾದ್ ಇತ್ತು. 1915ರಲ್ಲಿ ಥಾಮಸ್ ಲೀಶ್‌ಮನ್ ಕೆಲವು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಅಲ್ಲಿಂದ ಮುಂದೆ ಬಿಯರ್ ಅಂದರೆ ದೊಡ್ಡ ಕಾರ್ಖಾನೆ, ಎಲ್ಲ ಕಡೆ ಒಂದೇ ರುಚಿ. ಕುಡಿಯುವ ಜಾಗದಲ್ಲೇ ಸಣ್ಣ ಪ್ರಮಾಣದಲ್ಲಿ ತಯಾರಿಸುವ ಮೈಕ್ರೋಬ್ರೂವರಿ ಬೆಂಗಳೂರಿಗೆ ಕಾಲಿಟ್ಟಿದ್ದು 2010ರ ಆಸುಪಾಸಿನಲ್ಲಿ. ತೆಲಂಗಾಣ ಅದಕ್ಕೆ ನಿಯಮ ರೂಪಿಸಿದ್ದು 2015ರಲ್ಲಿ. ಈ ತೊಟ್ಟಿಗೆ ಈ ತೋಟದ ಕಾಫಿ ಎಂದು ಬ್ರೂವರ್ ಒಬ್ಬ ತಾನೇ ತೀರ್ಮಾನಿಸಲು ಅಷ್ಟು ಚಿಕ್ಕ ಅಳತೆ ಬೇಕಿತ್ತು.

ಹಾಗೆಂದು ಇದನ್ನು ಬರೀ ಬಿಡುಗಡೆಯ ಕಥೆ ಮಾಡಲು ನನಗೆ ಮನಸ್ಸಿಲ್ಲ. ಪೂಲ್ ಹೋಗಿ ಐದು ವರ್ಷ ತುಂಬುವಷ್ಟರಲ್ಲಿ ಜಗತ್ತಿನ ಕಾಫಿ ಬೆಲೆ ನೆಲ ಕಚ್ಚಿತು. ಹೆಸರು ಸಿಕ್ಕ ಬೆಳೆಗಾರನಿಗೆ ಆ ಪೆಟ್ಟೂ ನೇರವಾಗಿಯೇ ಸಿಕ್ಕಿತು. ಹೆಸರು ಹೇಳಿ ಹೆಚ್ಚು ಬೆಲೆ ಪಡೆಯುವುದು ಇವತ್ತಿಗೂ ಹುರಿಯುವವರನ್ನು, ಬ್ರೂವರಿಗಳನ್ನು ಹುಡುಕಿಕೊಂಡು ಹೋಗಬಲ್ಲ ತೋಟಗಳಿಗೆ ಸಾಧ್ಯ. ಎರಡು ಎಕರೆಯವನ ಕಾಫಿ ಇನ್ನೂ ವ್ಯಾಪಾರಿಯ ಗೋದಾಮಿನಲ್ಲಿ ಹತ್ತು ಜನರ ಕಾಫಿಯೊಂದಿಗೆ ಬೆರೆಯುತ್ತದೆ.

ಇನ್ನು ಕುಯ್ಲಿನವರು. ನಮ್ಮ ಕಡೆ ತೋಟಗಳಲ್ಲಿ ಈಗ ಹಣ್ಣು ಕುಯ್ಯುವವರಲ್ಲಿ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದವರು ಬಹಳ. ಸಂಜೆ ಚೀಲ ತೂಗುತ್ತಾರೆ, ಕಿಲೋ ಬರೆದುಕೊಳ್ಳುತ್ತಾರೆ, ಅದರ ಮೇಲೆ ಕೂಲಿ. ನಾವು ಹೈದರಾಬಾದಿಗೆ ಬಂದಂತೆಯೇ ಅವರು ಚಿಕ್ಕಮಗಳೂರಿಗೆ ಬಂದವರು. ಊರು ಬಿಟ್ಟು ಬಂದವರು ಅಂದಾಗ ನಾವು ನಮ್ಮನ್ನಷ್ಟೇ ಎಣಿಸಿಕೊಳ್ಳುತ್ತೇವೆ. ಕಾಫಿಯ ಮುಂದಿನ ಚರಿತ್ರೆ ಬರೆಯುವವರು ಆ ತೂಕದ ಪುಸ್ತಕದಿಂದ ಶುರು ಮಾಡಬೇಕು.