ಸ್ವಾತಿಯ ಬಣ್ಣ

ವೈಶಾಖದ ರಾತ್ರಿ ಹತ್ತು ಗಂಟೆಯ ಮೇಲೆ ಸೂಲಿಬೆಲೆಯ ಯಾವ ಮನೆಯಂಗಳದಲ್ಲಿ ನಿಂತರೂ ನೆತ್ತಿಯ ಸಮೀಪದಲ್ಲಿ ಕಿತ್ತಳೆ ಬಣ್ಣದ ಒಂದು ಚುಕ್ಕೆ ಕಾಣುತ್ತದೆ. ಸಪ್ತರ್ಷಿಮಂಡಲದ ಬಾಲದ ಬಾಗನ್ನು ಹಾಗೆಯೇ ಮುಂದಕ್ಕೆಳೆದರೆ ಅಲ್ಲಿಗೇ ಮುಟ್ಟುತ್ತದೆ. ಅದೇ ಸ್ವಾತಿ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುವುದೆಂದು ನಮ್ಮ ಹಿರಿಯರು ನಂಬಿದ್ದರು.

ನಕ್ಷತ್ರಗಳು ಇದ್ದಲ್ಲಿಂದ ಕದಲುವುದಿಲ್ಲವೆಂಬುದು ಬಹುಕಾಲದ ನಂಬಿಕೆಯಾಗಿತ್ತು. 1718ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ ಅದನ್ನು ಮುರಿದನು. ಸುಮಾರು 1800 ವರ್ಷಗಳ ಹಿಂದೆ ಗ್ರೀಕರು ಗುರುತಿಸಿಟ್ಟಿದ್ದ ಸ್ಥಾನದಿಂದ ಸ್ವಾತಿಯು ಚಂದ್ರಬಿಂಬದ ಎರಡರಷ್ಟು ದೂರ ಸರಿದಿತ್ತು!

ಸ್ವಾತಿ ನಮ್ಮಿಂದ ಸುಮಾರು 37 ಜ್ಯೋತಿರ್ವರ್ಷ ದೂರದಲ್ಲಿದೆ. ಅಂದರೆ ಇಂದು ನಾವು ಕಾಣುವ ಬೆಳಕು ಅಲ್ಲಿಂದ ಹೊರಟು 37 ವರ್ಷಗಳಾದವು. ಕುಲುಮೆಯಲ್ಲಿ ಕಾದ ಕಬ್ಬಿಣದ ಬಣ್ಣ ನೋಡಿ ಕಮ್ಮಾರನು ಕಾವನ್ನು ಅಳೆಯುವಂತೆ, ಬಣ್ಣದಿಂದಲೇ ನಕ್ಷತ್ರದ ಕಾವನ್ನು ತಿಳಿಯಬಹುದು. ಸೂರ್ಯನ ಮೇಲ್ಮೈ ಸುಮಾರು 5500 ಡಿಗ್ರಿ ಸೆಲ್ಸಿಯಸ್, ಸ್ವಾತಿಯದು 4000. ವಯಸ್ಸಾದ ಈ ನಕ್ಷತ್ರ ಸೂರ್ಯನ 25 ಮಡಿ ಅಗಲಕ್ಕೆ ಉಬ್ಬಿ, ಹೊರಮೈ ತಣಿದು, ಕಿತ್ತಳೆಗೆ ತಿರುಗಿದೆ.

ಹೀಗೆ ಉಬ್ಬುವಾಗ ನಕ್ಷತ್ರದ ಮೇಲ್ಪದರದ ಅನಿಲ ಒಳಗಿನ ಕಾವಿಗೆ ಇಳಿದು ಕಲಕುತ್ತದೆ. ಆಗ ಲಿಥಿಯಂ ಎಂಬ ಮೂಲವಸ್ತು ಬಹುಮಟ್ಟಿಗೆ ನಾಶವಾಗಬೇಕು. ಇಂದು ಮೊಬೈಲ್ ಫೋನಿನ ಬ್ಯಾಟರಿಯಲ್ಲಿರುವುದು ಇದೇ ಲಿಥಿಯಂ. ಆದರೆ ಕೆಲವು ಕಿತ್ತಳೆ ದೈತ್ಯಗಳಲ್ಲಿ ಅದು ಹೇರಳವಾಗಿ ಕಂಡಿತು. ಇದು ಹೇಗೆ?

ಈ ಒಗಟಿನ ಕಥೆಯಲ್ಲಿ ಸೂಲಿಬೆಲೆಯ ತಾಲ್ಲೂಕು ಕೇಂದ್ರವಾದ ಹೊಸಕೋಟೆಯೂ ಬರುತ್ತದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ದೂರದರ್ಶಕವನ್ನು ನಿಲ್ಲಿಸಿತು. 2001ರಲ್ಲಿ ಅದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಅದನ್ನು ನಡೆಸುವವರು ಕುಳಿತಿರುವುದು ಹೊಸಕೋಟೆಯ ಕೇಂದ್ರದಲ್ಲಿ. ನಮ್ಮ ಮನೆಯ ಪೆಟ್ಟಿಗೆಗೆ ಹಾಡು ತರುವಂಥ ರೇಡಿಯೊ ಅಲೆಗಳೇ ಉಪಗ್ರಹದ ಮೂಲಕ ಅವರ ಆಜ್ಞೆಯನ್ನು ಹಿಮಾಲಯಕ್ಕೆ ಒಯ್ಯುತ್ತವೆ.

ಈ ಸಂಸ್ಥೆಯ ವಿಜ್ಞಾನಿಗಳು 2000 ಕಿತ್ತಳೆ ದೈತ್ಯಗಳ ಬೆಳಕನ್ನು ಸೋಸಿ ನೋಡಿ, ಲಿಥಿಯಂ ತುಂಬಿದ 15 ಹೊಸ ನಕ್ಷತ್ರಗಳನ್ನು 2011ರಲ್ಲಿ ಪ್ರಕಟಿಸಿದರು. ಸೂರ್ಯನಂಥ ನಕ್ಷತ್ರಗಳು ಮುಪ್ಪಿನಲ್ಲಿ, ಒಡಲಿನ ಹೀಲಿಯಂ ಹೊತ್ತಿಕೊಂಡ ಮೇಲೆ, ಲಿಥಿಯಂ ಹೊಂದುವುದು ಸಾಮಾನ್ಯವೆಂದು ಆಸ್ಟ್ರೇಲಿಯಾದ ಸಮೀಕ್ಷೆಯೊಂದರ ಆಧಾರದಿಂದ 2020ರಲ್ಲಿ ಅವರೂ ಸಂಗಡಿಗರೂ ತೋರಿಸಿದರು.

ನಮ್ಮ ಸೂರ್ಯನೂ ಇನ್ನು ಸುಮಾರು 500 ಕೋಟಿ ವರ್ಷಗಳಲ್ಲಿ ಉಬ್ಬಿ ಬಣ್ಣ ಬದಲಿಸುವನು. ಇಂದು ಅಂಗಳದಿಂದ ಸ್ವಾತಿಯನ್ನು ನೋಡುವವರು ಸೂರ್ಯನ ಮುಪ್ಪನ್ನೇ ಮುಂಚಿತವಾಗಿ ನೋಡುತ್ತಿದ್ದಾರೆ.