ಮಲೆನಾಡಿನ ಮನೆ ಮತ್ತು ಇರುಳ ಕಾವಲು

ಕೋಟೆಕೊತ್ತಲಗಳ ಇತಿಹಾಸವನ್ನು ನಾವು ವಿಪುಲವಾಗಿ ಬರೆದಿದ್ದೇವೆ; ಇರುಳಿನಲ್ಲಿ ನುಗ್ಗುವ ಕಳ್ಳನಿಂದ ಸಾಮಾನ್ಯ ಒಕ್ಕಲಿನವನು ತನ್ನ ಮನೆಯನ್ನು ಹೇಗೆ ಕಾಯ್ದುಕೊಂಡನೆಂಬುದನ್ನು ಅಷ್ಟಾಗಿ ವಿಚಾರಿಸಿಲ್ಲ. ಈ ವಿಚಾರಕ್ಕೆ ಗೋಣಿಬೀಡಿನ ಸುತ್ತಣ ಪ್ರದೇಶವು ತಕ್ಕ ಕ್ಷೇತ್ರವಾಗಿದೆ. 'ಬೀಡು' ಎಂದರೆ ಪಾಳೆಯ, ಒಡೆಯನ ನೆಲೆ. ಹುಲಿಯನ್ನು ಹೊಯ್ದ ಸಳನ ಐತಿಹ್ಯಕ್ಕೆ ನೆಲೆಯಾದ ಸೊಸೆವೂರು, ಅಂದರೆ ಇಂದಿನ ಅಂಗಡಿ, ಇದೇ ಮೂಡಿಗೆರೆ ತಾಲ್ಲೂಕಿನಲ್ಲಿದೆ.

ಬಯಲುಸೀಮೆಯಲ್ಲಿ ರಕ್ಷಣೆಯ ಘಟಕವು ಮನೆಯಲ್ಲ, ಊರು. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಸಂದರ್ಭಗಳಲ್ಲಿ ಮಡಿದವರಿಗೆ ನಿಲ್ಲಿಸಿದ ವೀರಗಲ್ಲುಗಳು ಇದಕ್ಕೆ ಸಾಕ್ಷಿ. ಕಳ್ಳನ ಜಾಡು ಊರ ಎಲ್ಲೆಯನ್ನು ದಾಟದಿದ್ದಲ್ಲಿ ದೋಷವು ಗ್ರಾಮಾಧಿಪತಿಯದೆಂಬುದು ಯಾಜ್ಞವಲ್ಕ್ಯಸ್ಮೃತಿಯ ವಿಧಿ. ಆ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯೆಯನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದವನು. ಬ್ರಿಟಿಷ್ ಪಾರ್ಲಿಮೆಂಟಿಗೆ ಸಲ್ಲಿಸಲಾದ 1812ರ ಐದನೆಯ ವರದಿಯು ಗ್ರಾಮದ ನೌಕರರನ್ನು ಎಣಿಸುವಾಗ ಅಪರಾಧಗಳ ಸುಳಿವು ಹಿಡಿಯುವ ತಳವಾರನನ್ನೂ ಪೈರು ಕಾಯುವ ತೋಟಿಯನ್ನೂ ಹೆಸರಿಸುತ್ತದೆ.

ಮಲೆನಾಡಿನಲ್ಲಾದರೋ ಮನೆಗಳು ಒತ್ತಾಗಿಲ್ಲ. ಗದ್ದೆಗೊಂದು, ಗುಡ್ಡಕ್ಕೊಂದು ಎಂಬಂತೆ ಚದುರಿವೆ. ಆದುದರಿಂದ ಊರು ಹೊರಬೇಕಾದ ಭಾರವನ್ನು ಇಲ್ಲಿ ಮನೆಯ ರಚನೆಯೇ ಹೊತ್ತಿತು. ಅಂಗಳದಾಚೆ ಬೇಲಿ ಮತ್ತು ಉಣುಗೋಲು. ಜಗಲಿಯಲ್ಲಿ ಮಲಗುವ ಗಂಡಸರು ಮತ್ತು ನಾಯಿ. ದಪ್ಪ ಮಣ್ಣಿನ ಗೋಡೆ. ಗೋಡೆಯೊಳಕ್ಕೆ ಸರಿಯುವ ಅಗುಳಿಯುಳ್ಳ ಹೆಬ್ಬಾಗಿಲು. ನಾಲ್ಕು ಕಡೆ ಕೋಣೆಗಳಿಂದ ಸುತ್ತುವರಿದ ತೊಟ್ಟಿ. ಈ ಏರ್ಪಾಡಿನ ತತ್ತ್ವವು ಗಮನಾರ್ಹ. ಬಂದವನನ್ನು ಕೊಲ್ಲುವುದು ಅದರ ಉದ್ದೇಶವಲ್ಲ. ಅವನನ್ನು ತಡೆಯುವುದು, ಸದ್ದು ಮಾಡಿಸುವುದು, ಅಷ್ಟರಲ್ಲಿ ಮನೆಮಂದಿ ಎಚ್ಚರಗೊಳ್ಳುವಂತೆ ಮಾಡುವುದು. ನೆರೆಯವನು ಕೂಗಳತೆಯಲ್ಲಿ ಇಲ್ಲದ ಕಡೆ ಒಳಗಿನ ಜನಸಂಖ್ಯೆಯೇ ಕಾವಲು.

ಆಧುನಿಕ ಕಾನೂನು ಈ ಹೊಣೆಯನ್ನು ವ್ಯಕ್ತಿಯ ಹಕ್ಕಾಗಿ ಮಾರ್ಪಡಿಸಿತು. 1860ರ ಭಾರತ ದಂಡಸಂಹಿತೆಯ 103ನೆಯ ಕಲಮು ರಾತ್ರಿಯ ಮನೆಗನ್ನವನ್ನು ಹಗಲಿನ ಕಳವಿಗಿಂತ ಘೋರವೆಂದು ಎಣಿಸಿ, ಅದನ್ನು ತಡೆಯುವಾಗ ಪ್ರಾಣಹಾನಿಯಾದರೂ ರಕ್ಷಣೆಯ ಹಕ್ಕನ್ನು ಒಪ್ಪಿತು. ಆದರೆ ಅವಶ್ಯಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಲಾಗದೆಂದು 99ನೆಯ ಕಲಮು ಕಟ್ಟುಹಾಕಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಎರಡು ತತ್ತ್ವಗಳು 41 ಮತ್ತು 37ನೆಯ ಕಲಮುಗಳಾಗಿ ಉಳಿದಿವೆ.

ಹಕ್ಕು ಉಳಿಯಿತು; ಅದನ್ನು ಸಾರ್ಥಕಗೊಳಿಸುತ್ತಿದ್ದ ಮನೆ ಉಳಿಯಿತೇ? ಕಾಫಿ ತೋಟಗಳ ನಡುವಣ ಎಷ್ಟೋ ಹಿರಿಯ ಮನೆಗಳಲ್ಲಿ ಇಂದು ಇಬ್ಬರು ವೃದ್ಧರು ಮಾತ್ರ ಇರುತ್ತಾರೆ. ಅಗುಳಿ ಇದೆ, ಜಗಲಿಯಲ್ಲಿ ಮಲಗುವವರಿಲ್ಲ. ಹಳೆಯ ಮನೆಯನ್ನು ಕಾಯ್ದದ್ದು ಮರವೂ ಮಣ್ಣೂ ಮಾತ್ರವಲ್ಲ, ಕೂಗಿಗೆ ಓಗೊಡುವ ಜನ ಎಂಬುದು ಇದರಿಂದ ವಿದಿತವಾಗುತ್ತದೆ. ಇಂತಹ ಮನೆಗಳು ಒಂದೊಂದಾಗಿ ಕೆಡವಲ್ಪಡುವ ಮುನ್ನ ನಮ್ಮ ವಿದ್ಯಾರ್ಥಿಗಳು ಅವುಗಳನ್ನು ಅಳೆದು, ನಕ್ಷೆ ಬರೆದು, ಅಲ್ಲಿನ ಹಿರಿಯರ ಮಾತನ್ನು ದಾಖಲಿಸಿಡುವುದು ಅವಶ್ಯವಾಗಿದೆ.